ಹಿತ್ತಲಿಗೊಂದು ಚಳಿಗಾಲದ ಹೂಬಳ್ಳಿ: ಸ್ವೀಟ್ ಪೀ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಮನೆಯಂಗಳದಲ್ಲಿ ಮಲ್ಲಿಗೆ, ಸೇವಂತಿಗೆ, ಡೇರೆ ಹೂಗಳಿಗೆ ಕೊರತೆಯಿಲ್ಲ. ಇವುಗಳ ಜೊತೆಗೆ ಚಳಿಗಾಲದಲ್ಲಿ ಬೆಳೆಯಬಹುದಾದ ಸುವಾಸನೆಯ ಹೂ ಸ್ವೀಟ್ ಪೀ. ಬಟಾಣಿಯಂತೆ ಹಬ್ಬುವ ಈ ಬಳ್ಳಿಯಲ್ಲಿ ಬಿಳಿ, ಗುಲಾಬಿ, ಕೆಂಪು, ನೇರಳೆ ಹೂಗಳಾಗುತ್ತವೆ. ಇದರ ತವರು ಸಿಸಿಲಿ ದ್ವೀಪ. ಅಲ್ಲಿನ ಸನ್ಯಾಸಿ ಫ್ರಾನ್ಸೆಸ್ಕೊ ಕುಪಾನಿ 1699ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದ ಬೀಜದಿಂದ ಇದು ಬೇರೆಡೆಗೆ ಹರಡಿತು.

ಬಿತ್ತನೆ ಕಾಲ

ತಂಪಿನಲ್ಲಿ ಬೆಳೆದು ಬೇಸಿಗೆಗೆ ಮುನ್ನ ಬೀಜ ಕಟ್ಟುವುದು ಇದರ ಗುಣ. ಆದುದರಿಂದ ಮುಂಗಾರು ಹಿಂದೆಗೆದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ಬಿತ್ತಬೇಕು. ಮಳೆಯ ನಡುವೆ ಬಿತ್ತಿದರೆ ಬೀಜ ಕೊಳೆಯುತ್ತದೆ. ನವೆಂಬರ್ ಕೊನೆಗೆ ತಳ್ಳಿದರೆ ಮೊಗ್ಗಿನ ಹೊತ್ತಿಗೆ ಬಿಸಿಲೇರಿ ಮೊಗ್ಗುಗಳು ಉದುರುತ್ತವೆ.

ಮಣ್ಣಿನ ಸಿದ್ಧತೆ

ಹೆಚ್ಚು ಮಳೆ ಬೀಳುವ ಕಡೆಯ ಕೆಂಪು, ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಈ ಬಳ್ಳಿಗೆ ಹುಳಿ ಮಣ್ಣು ಒಗ್ಗದು. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಕಂಡುಬಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಬೆರೆಸಿ. ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ 45 ಸೆಂ.ಮೀ. ಆಳದ ಕಾಲುವೆ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಿಂದ ತುಂಬಬೇಕು. ಯೂರಿಯಾ ಬೇಡ, ಕೊಟ್ಟರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ.

ಬಿತ್ತನೆ, ಆರೈಕೆ

ಬೀಜದ ಸಿಪ್ಪೆ ಗಟ್ಟಿ. ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಬೆಳಿಗ್ಗೆ 10ರಿಂದ 15 ಸೆಂ.ಮೀ. ಅಂತರದಲ್ಲಿ 2ರಿಂದ 3 ಸೆಂ.ಮೀ. ಆಳಕ್ಕೆ ಊರಬೇಕು. ಸಸಿ ಒಂದು ಗೇಣಿಗಿಂತ ಕಡಿಮೆ ಇರುವಾಗಲೇ ಕುಡಿ ಚಿವುಟಿದರೆ ಕವಲುಗಳು ಹೆಚ್ಚುತ್ತವೆ. ಅಡಿಕೆ ದಬ್ಬೆ ನೆಟ್ಟು, ಹುರಿಯ ಬಲೆ ಕಟ್ಟಿ ಆಳೆತ್ತರದ ಆಸರೆ ಕೊಡಿ. ಬುಡಕ್ಕೆ ಒಣ ತರಗು ಹೊದಿಸಿ. ನೀರನ್ನು ಬುಡಕ್ಕಷ್ಟೇ ಹಾಕಿ.

ಹೇನು ಕಂಡಾಗ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಬೂದಿ ರೋಗಕ್ಕೆ ಲೀಟರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಾಕು.

ಹೂ ಕೊಯ್ಲು

ಜನವರಿ ವೇಳೆಗೆ ಹೂ ಆರಂಭವಾಗುತ್ತದೆ. ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯಿರಿ. ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಕೊನೆಯಲ್ಲಿ ಬಳ್ಳಿಯನ್ನು ಬುಡದ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಉಳಿಸಿ. ಅದರ ಗಂಟುಗಳಲ್ಲಿರುವ ಸಾರಜನಕ ಮುಂದಿನ ಬೆಳೆಗೆ ಒದಗುತ್ತದೆ.

ಎಚ್ಚರಿಕೆ

ಹೆಸರಿನಲ್ಲಿ ಸಿಹಿ ಇದ್ದರೂ ಇದರ ಕಾಯಿ, ಬೀಜ ವಿಷಕಾರಿ. ಇದು ಕೇಸರಿ ಬೇಳೆಯ ಹತ್ತಿರದ ಸಂಬಂಧಿ. ಕಾಯಿ ನೋಡಲು ಬಟಾಣಿಯಂತೆಯೇ ಇರುವುದರಿಂದ ಮಕ್ಕಳು ಮೋಸಹೋಗುವ ಸಂಭವವುಂಟು. ಆದ್ದರಿಂದ ತರಕಾರಿ ಬಟಾಣಿಯ ಪಕ್ಕದಲ್ಲಿ ಇದನ್ನು ಬೆಳೆಸಬಾರದು. ಬೀಜವನ್ನು ಅಡುಗೆಮನೆಯಲ್ಲಿಡದೆ, ಹೆಸರು ಬರೆದ ಡಬ್ಬಿಯಲ್ಲಿ ಮಕ್ಕಳ ಕೈಗೆಟುಕದಂತೆ ಇಡಿ. ಕಾಯಿಬಿಟ್ಟ ಬಳ್ಳಿಯನ್ನು ದನಗಳಿಗೆ ಹಾಕಬೇಡಿ. ಯಾರಾದರೂ ಬೀಜ ತಿಂದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇಷ್ಟು ಎಚ್ಚರ ವಹಿಸಿದರೆ ಹಿಡಿ ಬೀಜದಿಂದ ಚಳಿಗಾಲವಿಡೀ ಅಂಗಳ ಘಮಘಮಿಸುತ್ತದೆ.