ಗೋಡೆಯಿಲ್ಲದ ಕೋಟೆಯೊಳಗೆ ಕಾಲ್ನಡಿಗೆ

ಮುಂಬೈಗೆ ಮೊದಲ ಸಲ ಹೋದವರು ಟ್ಯಾಕ್ಸಿ ಹಿಡಿದು ಗೇಟ್‌ವೇ, ಚೌಪಾಟಿ, ಜುಹು ಎಂದು ಸುತ್ತಿ ಊರು ನೋಡಿಯಾಯಿತು ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ವಿ.ಟಿ. (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ನಿನಲ್ಲಿಳಿದು ಮರೀನ್ ಡ್ರೈವ್‌ನ ಕಡಲಿನ ತನಕ ನಡೆಯಿರಿ ಎನ್ನುತ್ತೇನೆ. ಅಲ್ಲಿ ಇಲ್ಲಿ ಅಡ್ಡಾಡಿಕೊಂಡು ಹೋದರೂ ಮೂರು ಕಿಲೋಮೀಟರಿನ ಆಸುಪಾಸು. ಈ ಊರು ಹೇಗೆ ಬೆಳೆಯಿತು ಎಂಬುದು ಅಷ್ಟರೊಳಗೆ ಕಾಲಿಗೇ ಗೊತ್ತಾಗುತ್ತದೆ.

ಕೆಲಸದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಲೋಕಲ್ ಬಂದು ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಲೆಯೆತ್ತಿ ನೋಡುವ ಆಸೆ ಬಿಟ್ಟುಬಿಡಬೇಕು. ಹಿಂದಿನಿಂದ ಬರುವವರಿಗೆ ಆಫೀಸಿನ ಗಡಿಯಾರವೊಂದೇ ಕಾಣುತ್ತಿರುತ್ತದೆ. ಜನ ನೂಕಿದತ್ತ ಸಾಗಿ, ಮೊಬೈಲ್ ಕವರ್, ಬೆಲ್ಟು, ಚಾರ್ಜರ್ ಅಂಗಡಿಗಳು ತುಂಬಿದ ಸಬ್‌ವೇಯೊಳಗಿಳಿದು ಎದುರು ಬದಿಗೆ ಹತ್ತಿ ಬಂದರೆ ಸ್ಟೇಷನ್ ಇಡಿಯಾಗಿ ಕಾಣುತ್ತದೆ. ಎಫ್.ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ, ಮುಗಿಯಲು ಹತ್ತು ವರ್ಷ ಹಿಡಿಯಿತು. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿಗೆ ಒಂದು ಸಿಂಹ, ಭಾರತಕ್ಕೆ ಒಂದು ಹುಲಿ. ಗೋಡೆಯ ತುಂಬ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಕೆತ್ತಿದ ಎಲೆ, ಬಳ್ಳಿ, ಪ್ರಾಣಿ, ಪಕ್ಷಿ. ಎದುರಿಗಿರುವ ಮಹಾನಗರಪಾಲಿಕೆಯ ಕಟ್ಟಡವೂ ಸ್ಟೀವನ್ಸನದೇ. ಕೈತುಂಬ ಕೆಲಸವಿದ್ದ ಮನುಷ್ಯ.

ಅಲ್ಲಿಂದ ದಕ್ಷಿಣಕ್ಕೆ ದಾದಾಭಾಯಿ ನವರೋಜಿ ರಸ್ತೆ, ಹಳೆಯ ಹಾರ್ನ್‌ಬಿ ರೋಡ್. ಇಲ್ಲಿ ಒಂದು ಕಟ್ಟಡದಂತೆ ಇನ್ನೊಂದಿಲ್ಲ. ಆದರೂ ನೆಲಮಹಡಿಯಲ್ಲಿ ಕಮಾನಿನ ಪಡಸಾಲೆಯನ್ನು ರಸ್ತೆಗೆ ಬಿಟ್ಟುಕೊಡುವುದರಲ್ಲಿ ಬಹುಪಾಲು ಎಲ್ಲವೂ ಒಂದೇ. ಮೇ ತಿಂಗಳ ಬಿಸಿಲಿಗೂ ಜುಲೈ ತಿಂಗಳ ಮಳೆಗೂ ಸಿಕ್ಕದೆ ನಡೆಯಬಹುದು. ಇಂದು ಅರ್ಧ ಜಾಗದಲ್ಲಿ ಕೈಗಡಿಯಾರ, ಕನ್ನಡಕ, ಹಳೆಯ ನಾಣ್ಯ ಹರಡಿಕೊಂಡವರಿದ್ದಾರೆ. ಅವರನ್ನು ಎಬ್ಬಿಸಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ನಡೆಯುವವನಿಗೆ ನಿಜವಾದ ಕಾಟ ಅಗೆದು ಹಾಗೇ ಬಿಟ್ಟ ಫುಟ್‌ಪಾತಿನದು.

ಈ ಪ್ರದೇಶಕ್ಕೆ ಫೋರ್ಟ್ ಎಂದು ಹೆಸರು. ಕೋಟೆ ಮಾತ್ರ ಎಲ್ಲೂ ಇಲ್ಲ. ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ, 1860ರ ದಶಕದಲ್ಲಿ, ಗೋಡೆಗಳನ್ನು ಕೆಡವಿಸಲಾಯಿತು. 1864ರ ಫ್ಲೋರಾ ಫೌಂಟನ್ ನಿಂತಿರುವುದು ಕೋಟೆಯ ಚರ್ಚ್ ಗೇಟ್ ಇದ್ದ ಜಾಗದಲ್ಲಿ. ಆ ಚರ್ಚು, 1718ರ ಸೇಂಟ್ ಥಾಮಸ್, ಅಲ್ಲಿಂದ ಪೂರ್ವಕ್ಕೆ ನಾಲ್ಕು ಹೆಜ್ಜೆ. ಬಾಗಿಲು ಹೋಗಿ ಒಂದೂವರೆ ಶತಮಾನ ಕಳೆದರೂ ಚರ್ಚ್‌ಗೇಟ್ ಲೋಕಲ್ ಮಾತ್ರ ದಿನವೂ ತುಂಬಿ ಓಡುತ್ತಿದೆ.

ಗೋಡೆ ಹೋದರೂ ಅದರ ಒಳಗು ಹೊರಗು ಉಳಿದಿವೆ, ಟ್ಯಾಕ್ಸಿಯಲ್ಲಿ ಕೂತವರಿಗೆ ಅದು ತಿಳಿಯುವುದಿಲ್ಲ. ಫೌಂಟನ್ನಿನ ಪೂರ್ವಕ್ಕೆ ಹೊಕ್ಕರೆ ಓಣಿಗಳು ಕಿರಿದು, ಕಟ್ಟಡಗಳು ಮೈಗೆ ಮೈ ತಾಗಿಸಿ ನಿಂತಿವೆ. ಗೋಡೆಯೊಳಗಿನ ಊರಿಗೆ ಅಗಲವಾಗಲು ಜಾಗವಿರಲಿಲ್ಲ. ಪಶ್ಚಿಮಕ್ಕೆ ತಿರುಗಿದರೆ ಒಮ್ಮೆಲೇ ಆಕಾಶ. ಶತ್ರು ಬಂದರೆ ಫಿರಂಗಿಗೆ ಅಡ್ಡವಾಗಬಾರದೆಂದು ಕೋಟೆಯ ಹೊರಗೆ ಬಯಲನ್ನು ಖಾಲಿ ಬಿಟ್ಟಿದ್ದರು. ಓವಲ್, ಕ್ರಾಸ್, ಆಜಾದ್ ಮೈದಾನಗಳು ಅದರ ತುಣುಕುಗಳು. ಮುಂಬೈ ಹುಡುಗರಿಗೆ ಕ್ರಿಕೆಟ್ ಆಡಲು ಜಾಗ ಸಿಕ್ಕಿದ್ದು ಹೀಗೆ, ಯುದ್ಧದ ಭಯದಿಂದ!

ಓಣಿಗಳ ಕಡೆ ಕನ್ನಡಿಗರಿಗೆ ಬೇರೆಯದೇ ನೆನಪುಗಳಿವೆ. ಕರಾವಳಿಯಿಂದ ಹೊರಟ ಹುಡುಗರು ಹಗಲಿಡೀ ಇಲ್ಲಿನ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತು ಮೆಟ್ರಿಕ್ ಮಾಡಿಕೊಂಡರು. ಯಶವಂತ ಚಿತ್ತಾಲರ ‘ಶಿಕಾರಿ’ ಓದಿದವರಿಗಂತೂ ಈ ಊರು ಪೂರಾ ಅಪರಿಚಿತವಲ್ಲ. ಹಸಿವಾದರೆ ಉಡುಪಿ ಹೋಟೆಲೊಂದನ್ನು ಹುಡುಕಿಕೊಳ್ಳಿ. ಗಲ್ಲಾದ ಕಡೆಯಿಂದ ತುಳು ಕೇಳಿಬಂದರೆ ಅಚ್ಚರಿಪಡಬೇಕಿಲ್ಲ.

ಓವಲ್ ಮೈದಾನದ ನಡುವೆ ನಿಂತರೆ ಎರಡು ಕಾಲದ ಶ್ರೀಮಂತಿಕೆ ಎದುರುಬದುರಾಗುತ್ತದೆ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗೋಪುರ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಭರಾಟೆಯಲ್ಲಿ ಬೆಳೆದ ವರ್ತಕ ಪ್ರೇಮಚಂದ್ ರಾಯಚಂದ್ ಗೋಪುರಕ್ಕೆ ಹಣ ಕೊಟ್ಟು ತಾಯಿಯ ಹೆಸರಿಡಿಸಿದ. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು: ದುಂಡು ಬಾಲ್ಕನಿ, ತೆಳು ಬಣ್ಣ, ಕಿಟಕಿಯ ಮೇಲೆ ನೆರಳಿನ ಪಟ್ಟಿ. 2018ರಲ್ಲಿ ಯುನೆಸ್ಕೊ ಎರಡೂ ಸಾಲುಗಳನ್ನು ಒಟ್ಟಿಗೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಹೆಚ್ಚು ಹಿಡಿಸುವುದು ಪಶ್ಚಿಮದ ಸಾಲು. ಗಾಥಿಕ್ ಕಟ್ಟಡಗಳು ನಮ್ಮನ್ನು ದೂರ ನಿಲ್ಲಿಸಿ ಮಾತಾಡಿಸುತ್ತವೆ. ಈ ಮನೆಗಳ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ.

ಇನ್ನು ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್. ಈ ರಸ್ತೆ, ಹಿಂದಿನ ಮನೆಗಳ ಸಾಲು, ಎಲ್ಲವೂ ಸಮುದ್ರ ತುಂಬಿಸಿ ಪಡೆದ ನೆಲ. ಬೆಳಗಿನಿಂದ ಓಡುತ್ತಿದ್ದ ಜನ ಸುಮ್ಮನೆ ನಡೆಯುವುದನ್ನು, ಕಟ್ಟೆಯ ಮೇಲೆ ಕೂರುವುದನ್ನು ಇಲ್ಲಿ ನೋಡಬಹುದು. ವಾಪಸು ರೈಲು ಹಿಡಿಯಬೇಕಿದ್ದರೆ ಸಂಜೆ ಐದಕ್ಕೇ ಎದ್ದು ಚರ್ಚ್‌ಗೇಟ್ ಕಡೆ ಹೊರಡಿ. ಆರಾದ ಮೇಲೆ ಫೋರ್ಟಿನ ಆಫೀಸುಗಳೆಲ್ಲ ಅದೇ ಬಾಗಿಲಿಗೆ ಬರುತ್ತವೆ.