ಕಡಿಮೆ ದರದ ಸ್ಮಾರ್ಟ್‌ಫೋನ್: ಕೊಳ್ಳುವ ಮುನ್ನ, ಕೊಂಡ ನಂತರ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಬಲಿಪೂಜೆಯ ಸಮಯ ಬದಲಾದರೂ, ಊರಿನಲ್ಲಿ ಮರಣವಾದರೂ, ಧರ್ಮಶಿಕ್ಷಣಕ್ಕೆ ರಜೆ ಇದ್ದರೂ ಸುದ್ದಿ ಮೊದಲು ಬರುವುದು ವಾಟ್ಸಪ್ಪಿಗೆ. ಮುಂಬಯಿ, ಗೋವಾ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳ ಮುಖ ಕಾಣುವುದೂ ಅದೇ ಫೋನಿನಲ್ಲಿ. ಅವರು ಕಳುಹಿಸಿದ ಹಣ, ಪಿಂಚಣಿ, ಗೃಹಲಕ್ಷ್ಮಿಯ ಹಣ ಜಮಾ ಆದ ಸಂದೇಶ ಬರುವುದೂ ಅದರಲ್ಲೇ. ಹೀಗೆ ಒಂದು ಚಿಕ್ಕ ಸಾಧನವು ಮನೆಯ ಅಂಚೆಪೆಟ್ಟಿಗೆಯೂ ಬ್ಯಾಂಕ್ ಪುಸ್ತಕವೂ ಆಗಿದೆ.

ಆದರೆ ಅದನ್ನು ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ಡಬ್ಬಿಯ ಮೇಲಿನ ದೊಡ್ಡ ಅಂಕಿಗಳನ್ನು ನೋಡುತ್ತೇವೆ, ಅಂಗಡಿಯವರ ಮಾತು ಕೇಳುತ್ತೇವೆ. ಕೊಂಡ ಮೇಲೆ ಪಾಸ್‌ವರ್ಡ್, ಪಿನ್ ಎಲ್ಲವನ್ನೂ ಇನ್ನೊಬ್ಬರ ಕೈಗೆ ಒಪ್ಪಿಸುತ್ತೇವೆ. ಹತ್ತು-ಹನ್ನೆರಡು ಸಾವಿರ ರೂಪಾಯಿಯ ಆಸುಪಾಸಿನ ಫೋನನ್ನು ಆರಿಸುವುದು ಹೇಗೆ, ಅದರ ಬೀಗದ ಕೈಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಬಯಸುತ್ತೇವೆ.

ಯಾರಿಗಾಗಿ ಈ ಫೋನ್?

ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ದೊಡ್ಡ ಪರದೆ, ಜೋರಾದ ಧ್ವನಿ, ದಿನವಿಡೀ ಬಾಳುವ ಬ್ಯಾಟರಿ ಮುಖ್ಯ. ದೋಣಿಯಲ್ಲಿ ಹೋಗುವವರಿಗೆ ಬಿಸಿಲಿನಲ್ಲೂ ಕಾಣುವ ಪರದೆ, ಜಿಪಿಎಸ್ ಹಾಗೂ ನೀರು ತಾಗದ ಚೀಲ ಬೇಕು. ಕಾಲೇಜಿನ ಮಕ್ಕಳಿಗೆ ಮತ್ತು ಚರ್ಚಿನ ಲೆಕ್ಕಪತ್ರ, ವರದಿ, ಫೋಟೋ ನೋಡಿಕೊಳ್ಳುವ ಕಾರ್ಯಕರ್ತರಿಗೆ ಸಂಗ್ರಹ ಸ್ಥಳ ಹೆಚ್ಚು ಬೇಕು. ಎಲ್ಲರಿಗೂ ಒಂದೇ ಫೋನ್ ಒಳ್ಳೆಯದು ಎಂಬ ಮಾತು ಸರಿಯಲ್ಲ.

ಡಬ್ಬಿಯ ಮೇಲಿನ ಅಂಕಿಗಳು

ರ್‍ಯಾಮ್: '8 ಜಿಬಿ' ಎಂದು ದೊಡ್ಡದಾಗಿ ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿ. ಹಲವು ಅಗ್ಗದ ಫೋನುಗಳಲ್ಲಿ ನಿಜವಾದ ರ್‍ಯಾಮ್ 4 ಜಿಬಿ ಮಾತ್ರ. ಉಳಿದ 4 ಜಿಬಿಯನ್ನು ಸಂಗ್ರಹ ಸ್ಥಳದಿಂದಲೇ ಎರವಲು ಪಡೆದು ಲೆಕ್ಕಕ್ಕೆ ಸೇರಿಸಿರುತ್ತಾರೆ. ಇದರ ವೇಗ ನಿಜವಾದ ರ್‍ಯಾಮಿನಷ್ಟು ಇರುವುದಿಲ್ಲ. ನಿಜವಾದ 4 ಜಿಬಿ ಕನಿಷ್ಠ. 6 ಜಿಬಿ ಸಿಕ್ಕರೆ ಉತ್ತಮ.

ಸಂಗ್ರಹ ಸ್ಥಳ: ಫೋನಿನ ವ್ಯವಸ್ಥೆಯೇ ಇದರಲ್ಲಿ ಒಂದು ಭಾಗವನ್ನು ತಿನ್ನುತ್ತದೆ. ಗುಂಪುಗಳಲ್ಲಿ ಬರುವ ಹಬ್ಬದ ವಿಡಿಯೋ, ಶುಭಾಶಯದ ಚಿತ್ರಗಳು ಉಳಿದದ್ದನ್ನು ಬೇಗ ತುಂಬಿಸುತ್ತವೆ. ಜಾಗ ತುಂಬಿದ ಫೋನು ನಿಧಾನವಾಗುತ್ತದೆ, ಹೊಸ ಸಂದೇಶವೂ ಸರಿಯಾಗಿ ಬರುವುದಿಲ್ಲ. ಆದ್ದರಿಂದ 64 ಜಿಬಿಗಿಂತ 128 ಜಿಬಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಲಾಭ.

ಕ್ಯಾಮೆರಾ: 50 ಮೆಗಾಪಿಕ್ಸೆಲ್ ಎಂದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ಎಂದೇನಿಲ್ಲ. ಅಂಗಡಿಯ ಒಳಗೆ, ಮಂದ ಬೆಳಕಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಒಂದು ಕಾಗದದ ಫೋಟೋ ತೆಗೆದು ಅಕ್ಷರ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ.

ಬ್ಯಾಟರಿ: ನಮ್ಮಲ್ಲಿ ಮಳೆಗಾಲದಲ್ಲಿ ವಿದ್ಯುತ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. 5000 ಎಂಎಎಚ್‌ಗಿಂತ ಕಡಿಮೆ ಇರುವುದು ಬೇಡ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಎಂದೂ ಕೇಳಿ. ಈಗ ಕೆಲವು ಫೋನುಗಳೊಂದಿಗೆ ಅದು ಬರುವುದಿಲ್ಲ.

ಎಷ್ಟು ವರ್ಷ ಬಾಳುತ್ತದೆ?

ಡಬ್ಬಿಯ ಮೇಲೆ ಸಾಮಾನ್ಯವಾಗಿ ಕಾಣದ, ಆದರೆ ಕೇಳಲೇಬೇಕಾದ ವಿಷಯವಿದು. ಫೋನಿನ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಆಗಾಗ ದೋಷಗಳು ಪತ್ತೆಯಾಗುತ್ತವೆ. ಅವುಗಳನ್ನು ಮುಚ್ಚಲು ಕಂಪನಿಯು ಕಳುಹಿಸುವ ತಿದ್ದುಪಡಿಗೆ ಸುರಕ್ಷತಾ ಅಪ್‌ಡೇಟ್ ಎನ್ನುತ್ತಾರೆ. ಅದು ನಿಂತರೆ ಕಳ್ಳರಿಗೆ ಗೊತ್ತಿರುವ ಬಾಗಿಲು ತೆರೆದೇ ಉಳಿಯುತ್ತದೆ. ಕಾಲಕ್ರಮೇಣ ಆ್ಯಪ್‌ಗಳೂ ಕೈಬಿಡುತ್ತವೆ. 2025ರ ಜನವರಿಯಿಂದ ಆಂಡ್ರಾಯ್ಡ್ 4.4 ಇರುವ ಹಳೆಯ ಫೋನುಗಳಲ್ಲಿ ವಾಟ್ಸಪ್ ನಿಂತುಹೋದುದು ಇದಕ್ಕೆ ಉದಾಹರಣೆ.

ಕಡಿಮೆ ದರದಲ್ಲೂ ದೀರ್ಘ ಅಪ್‌ಡೇಟ್ ಸಿಗುವುದಿಲ್ಲ ಎಂದೇನಿಲ್ಲ. 2025ರ ಫೆಬ್ರವರಿಯಲ್ಲಿ ಹತ್ತು ಸಾವಿರದ ಒಳಗಿನ ಆರಂಭಿಕ ದರದಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ06 ಫೋನಿಗೆ ಕಂಪನಿ ನಾಲ್ಕು ವರ್ಷಗಳ ಅಪ್‌ಡೇಟ್ ಘೋಷಿಸಿತ್ತು. ಅದನ್ನೇ ಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಯಾವುದೇ ಫೋನ್ ನೋಡಿದರೂ 'ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ?' ಎಂದು ಕೇಳಿ, ಕಂಪನಿಯ ವೆಬ್‌ಸೈಟಿನಲ್ಲಿ ಖಚಿತಪಡಿಸಿಕೊಳ್ಳಿ. ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಂಡರೆ ಆ ಎರಡು ವರ್ಷ ಆಗಲೇ ಕಳೆದಿರುತ್ತದೆ ಎಂಬುದು ನೆನಪಿರಲಿ.

ನೆಟ್‌ವರ್ಕ್ ನೋಡಿ ಸಿಮ್

ಪೇಟೆಯಲ್ಲಿ ಚೆನ್ನಾಗಿ ಸಿಗುವ ಸಿಗ್ನಲ್ ಗೇರುಸೊಪ್ಪಾ ಕಡೆಯ ಘಟ್ಟದ ತಪ್ಪಲಿನಲ್ಲಿ ಸಿಗಬೇಕೆಂದಿಲ್ಲ. ನೆರೆಮನೆಯವರ ಸಿಮ್ ಯಾವುದು, ಮನೆಯ ಒಳಕೋಣೆಯಲ್ಲೂ ಮಾತು ಕೇಳುತ್ತದೆಯೇ ಎಂದು ಮೊದಲು ವಿಚಾರಿಸಿ. ನಮ್ಮ ದಪ್ಪ ಚಿರೆಕಲ್ಲಿನ ಗೋಡೆಗಳು ಸಿಗ್ನಲ್ ತಗ್ಗಿಸುತ್ತವೆ. ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವಿರುವ ಫೋನ್ ಆರಿಸಿ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿ ಸೇವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭಿಸಿತು. ಆ ಸಿಮ್ ಬಳಸುವವರು ತಾವು ಕೊಳ್ಳುವ ಫೋನಿನಲ್ಲಿ ಅದು ಕೆಲಸ ಮಾಡುವುದನ್ನು ಅಂಗಡಿಯಲ್ಲೇ ಸಿಮ್ ಹಾಕಿ ನೋಡಲಿ.

ಬಿಲ್ಲು, ದುರಸ್ತಿ, ಹಳೆಯ ಫೋನ್

ಆ ಕಂಪನಿಯ ಅಧಿಕೃತ ದುರಸ್ತಿ ಕೇಂದ್ರ ನಮ್ಮ ತಾಲೂಕಿನಲ್ಲಿದೆಯೇ, ಇಲ್ಲವಾದರೆ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕೇ ಎಂದು ಕೇಳಿ. ಐಎಂಇಐ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ಲು ಪಡೆಯದೆ ಹಣ ಕೊಡಬೇಡಿ. *#06# ಒತ್ತಿದರೆ ಈ 15 ಅಂಕಿಗಳ ಸಂಖ್ಯೆ ಪರದೆಯಲ್ಲಿ ಕಾಣುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಬಳಸಿದ ಫೋನ್ ಕೊಳ್ಳುವವರು ಅದು ಕದ್ದದ್ದಲ್ಲವೆಂದು ತಿಳಿಯಬೇಕು. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಫೋನಿನ ವಿವರ ಬರುತ್ತದೆ. ನಿಮ್ಮ ಫೋನ್ ಕಳೆದುಹೋದರೆ ಪೊಲೀಸ್ ದೂರು ನೀಡಿ, ಅದರ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಮೂಲಕ ಫೋನನ್ನೇ ಸ್ಥಗಿತಗೊಳಿಸಬಹುದು. ಸಿಮ್ ಕಂಪನಿಗೂ, ಬ್ಯಾಂಕಿಗೂ ಅದೇ ದಿನ ತಿಳಿಸಬೇಕು.

ಮೊದಲ ದಿನ ಮಾಡಬೇಕಾದ ಕೆಲಸ

1. ಗೂಗಲ್ ಖಾತೆಯನ್ನು ಮನೆಯಲ್ಲೇ, ಫೋನಿನ ಒಡೆಯರ ಹೆಸರಿನಲ್ಲೇ ತೆರೆಯಿರಿ. ಅಂಗಡಿಯವರು ತೆರೆದುಕೊಟ್ಟ ಖಾತೆಯ ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತಿದ್ದರೆ ಮುಂದೆ ಫೋಟೋ, ಸಂಪರ್ಕ ಸಂಖ್ಯೆಗಳೆಲ್ಲ ಕೈತಪ್ಪುತ್ತವೆ.

2. ಪರದೆಗೆ ಬೀಗ ಹಾಕಿ. ಹುಟ್ಟಿದ ವರ್ಷ ಅಥವಾ 1234 ಬೇಡ.

3. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ. ಗೂಗಲ್ ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಫೋನೇ ಬರೆದುಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರಿಗೂ ಇದೇ ಕೀಲಿಮಣೆ ಸಾಕು.

4. ವಾಟ್ಸಪ್ಪಿನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಹಾಕಿ. ಆಗ ಬೇರೆಯವರು ನಿಮ್ಮ ಖಾತೆಯನ್ನು ತಮ್ಮ ಫೋನಿಗೆ ಎಳೆದುಕೊಳ್ಳುವುದು ಕಷ್ಟ. ಚಿತ್ರ, ವಿಡಿಯೋ ತಾನಾಗಿ ಇಳಿಯುವುದನ್ನು ಅಲ್ಲೇ ನಿಲ್ಲಿಸಿ.

ಯಾವ ಆ್ಯಪ್ ಬೇಕು?

ಕಡಿಮೆ ದರದ ಫೋನಿಗೆ ಆ್ಯಪ್ ಕಡಿಮೆ ಇದ್ದಷ್ಟೂ ಆರೋಗ್ಯ. ವಾಟ್ಸಪ್, ಒಂದು ಯುಪಿಐ ಆ್ಯಪ್, ದಾಖಲೆಗಳಿಗೆ ಡಿಜಿಲಾಕರ್ ಇದ್ದರೆ ಬಹುತೇಕರಿಗೆ ಸಾಕು. ಮುಂಬಯಿ, ಗೋವಾ ಕಡೆ ಹೋಗಿಬರುವವರಿಗೆ 2025ರ ಜುಲೈಯಲ್ಲಿ ಬಂದ ರೈಲ್ವೆಯ ರೈಲ್‌ಒನ್ ಉಪಯುಕ್ತ.

ನಮ್ಮ ಕರಾವಳಿಗೆ ಇನ್ನೆರಡು ಅಗತ್ಯ. ಒಂದು, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್. ಮಳೆ, ಸಿಡಿಲು, ಭೂಕುಸಿತದ ಎಚ್ಚರಿಕೆ ಇದರಲ್ಲಿ ಬರುತ್ತದೆ. 2024ರ ಜುಲೈ 16ರಂದು ನಮ್ಮ ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನು ಕಂಡ ನಾವು ಮಳೆಗಾಲದಲ್ಲಿ ಇಂತಹ ಸಂದೇಶಗಳನ್ನು ಮೌನವಾಗಿಡಬಾರದು. ಇನ್ನೊಂದು, ಮೀನುಗಾರರಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸಮುದ್ರ. ಎತ್ತರದ ಅಲೆಗಳ ಮುನ್ಸೂಚನೆ, ಮೀನು ಸಿಗಬಹುದಾದ ಪ್ರದೇಶಗಳ ಮಾಹಿತಿ ಇದರಲ್ಲಿದೆ. ಆದರೆ ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೊರಡುವ ಮೊದಲೇ ನೋಡಿಕೊಳ್ಳಬೇಕು. ದೋಣಿಯ ವಯರ್‌ಲೆಸ್ಸಿಗೆ ಫೋನು ಬದಲಿಯಾಗದು.

ಎಲ್ಲ ಆ್ಯಪ್‌ಗಳನ್ನೂ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸಪ್ಪಿನಲ್ಲಿ ಮದುವೆ ಕರೆಯೋಲೆ, ವಾಹನದ ದಂಡ, ಬ್ಯಾಂಕಿನ ಸೂಚನೆ ಎಂಬ ಹೆಸರಿನಲ್ಲಿ ಬರುವ 'ಎಪಿಕೆ' ಕಡತಗಳನ್ನು ಮುಟ್ಟಬೇಡಿ. ಪರಿಚಿತರ ನಂಬರಿನಿಂದ ಬಂದರೂ ಕರೆ ಮಾಡಿ ಕೇಳಿ. ಅವರ ಫೋನೇ ಕಳ್ಳರ ವಶವಾಗಿರಬಹುದು.

ಹಣದ ವಿಷಯ

ಒಂದು ಮಾತು ಎಲ್ಲರಿಗೂ ಬಾಯಿಪಾಠವಾಗಲಿ: ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಹಣ ಬರುತ್ತದೆ, ಪಿನ್ ಹಾಕಿ ಎನ್ನುವವರು ಕಳ್ಳರು. ಒಟಿಪಿ ಕೇಳುವವರು, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರೂ ಅಷ್ಟೇ. ಪೊಲೀಸ್ ಸಮವಸ್ತ್ರ ಧರಿಸಿ ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿದರೆ ಕರೆ ಕತ್ತರಿಸಿ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ.

ಫಾದರ್ ಅಥವಾ ಸಿಸ್ಟರ್ ಅವರ ಫೋಟೋ ಇರುವ ಹೊಸ ನಂಬರಿನಿಂದ 'ತುರ್ತಾಗಿ ಹಣ ಬೇಕು' ಎಂಬ ಸಂದೇಶ ಬಂದರೆ ಅವರ ಹಳೆಯ ನಂಬರಿಗೆ ಕರೆ ಮಾಡಿ. ಚರ್ಚಿನಲ್ಲಿ ಕಾಣಿಕೆಗಾಗಿ ಕ್ಯೂಆರ್ ಕೋಡ್ ಇಟ್ಟಿದ್ದರೆ ಅದರ ಮೇಲೆ ಬೇರೆ ಚೀಟಿ ಅಂಟಿಸಿಲ್ಲವೆಂದು ಜವಾಬ್ದಾರಿಯುಳ್ಳವರು ಆಗಾಗ ನೋಡಲಿ. ಕಾಣಿಕೆ ನೀಡುವವರೂ ಪರದೆಯಲ್ಲಿ ಬರುವ ಹೆಸರು ಓದಿಯೇ ಪಿನ್ ಹಾಕಲಿ.

ಪಿಂಚಣಿ ಹಾಗೂ ಉಳಿತಾಯದ ದೊಡ್ಡ ಮೊತ್ತ ಇರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ದಿನಬಳಕೆಗೆ ಸಣ್ಣ ಮೊತ್ತದ ಬೇರೆ ಖಾತೆ ಇಡುವುದು ಹಿರಿಯರಿಗೆ ಕ್ಷೇಮ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಮನೆಯವರಿಗೆ ಹೇಳದೆ ಕಳೆಯುವ ಪ್ರತಿ ಗಂಟೆಯೂ ಕಳ್ಳರಿಗೆ ಅನುಕೂಲ. ಮೋಸಹೋದವರನ್ನು ಗದರಿಸಬೇಡಿ, ಗದರಿಸಿದರೆ ಮುಂದಿನ ಬಾರಿ ಅವರು ಹೇಳುವುದೇ ಇಲ್ಲ.

ಧರ್ಮಕೇಂದ್ರದ ವಾಟ್ಸಪ್ ಗುಂಪು

ಸೂಚನೆಗಳ ಗುಂಪಿನಲ್ಲಿ ನಿರ್ವಾಹಕರು ಮಾತ್ರ ಬರೆಯುವಂತೆ ಮಾಡಿದರೆ ಮುಖ್ಯ ಸುದ್ದಿ ಶುಭಾಶಯಗಳ ನಡುವೆ ಕಳೆದುಹೋಗುವುದಿಲ್ಲ. ಆಧಾರ್ ಪ್ರತಿ, ಮಕ್ಕಳ ಫೋಟೋ, ರೋಗಿಗಳ ಆಸ್ಪತ್ರೆ ವಿವರಗಳನ್ನು ಗುಂಪಿಗೆ ಹಾಕಬಾರದು. ಪ್ರಾರ್ಥನೆ ಕೋರುವಾಗಲೂ ಮನೆಯವರ ಒಪ್ಪಿಗೆ ಪಡೆಯಬೇಕು. ಫೋನ್ ಇಲ್ಲದ ಮನೆಗಳಿಗೆ ಸುದ್ದಿ ತಲುಪಿಸುವ ಜವಾಬ್ದಾರಿಯನ್ನು ಕಿರು ಕ್ರೈಸ್ತ ಸಮುದಾಯದಲ್ಲಿ ಒಬ್ಬರಿಗೆ ವಹಿಸಬೇಕು.

ಫಾರ್ವರ್ಡ್ ಮಾಡುವ ವಿಷಯದಲ್ಲಿ ನಮ್ಮ ತಾಲೂಕುಗಳಿಗೆ ಕಹಿ ಅನುಭವವಿದೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವಿನ ನಂತರ ಆತನಿಗೆ ಚಿತ್ರಹಿಂಸೆ ನೀಡಲಾಗಿದೆ ಎಂಬ ಸಂದೇಶಗಳು ಹರಿದಾಡಿದವು. ಕುಮಟಾ, ಶಿರಸಿಯವರೆಗೂ ಗಲಭೆ ಹಬ್ಬಿತು. ತನಿಖೆ ನಡೆಸಿದ ಸಿಬಿಐ 2022ರಲ್ಲಿ ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ವರದಿ ಸಲ್ಲಿಸಿತು. ಸತ್ಯ ಬರಲು ಐದು ವರ್ಷ ಹಿಡಿಯಿತು. ಸಂದೇಶ ಹರಡಲು ಒಂದು ಬೆರಳು ಸಾಕಾಗಿತ್ತು. ಕೋಪ ಬರಿಸುವ ಸಂದೇಶ ಬಂದಾಗ ಅದನ್ನು ನಮ್ಮಲ್ಲೇ ನಿಲ್ಲಿಸುವುದು ಕ್ರೈಸ್ತರಾದ ನಮ್ಮ ಕರ್ತವ್ಯ.

ಫೋನು ಮತ್ತು ವಿಶ್ವಾಸ ಜೀವನ

2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಅವರು ಸಂತ ಪೇತ್ರರ ಖಾಲಿ ಚೌಕದಲ್ಲಿ ನಿಂತು ಲೋಕವನ್ನು ಆಶೀರ್ವದಿಸಿದ್ದನ್ನು ನಾವು ಮನೆಗಳಿಂದಲೇ ನೋಡಿದೆವು. ರೋಗಿಗಳಿಗೆ, ನಡೆಯಲಾಗದ ಹಿರಿಯರಿಗೆ ಇಂದಿಗೂ ನೇರಪ್ರಸಾರದ ಬಲಿಪೂಜೆ ಸಾಂತ್ವನ ನೀಡುತ್ತದೆ. ಆದರೆ ಇಂಟರ್ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ 2002ರಲ್ಲೇ 'ಧರ್ಮಸಭೆ ಮತ್ತು ಇಂಟರ್ನೆಟ್' ಎಂಬ ದಾಖಲೆಯಲ್ಲಿ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಕಂಪ್ಯೂಟರ್ ಬಲ್ಲ ಬಾಲಕ; ಪವಿತ್ರ ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ರೂಪಿಸಿದವರು. ಆದರೂ ವಿಡಿಯೋ ಆಟಕ್ಕೆ ವಾರಕ್ಕೆ ಒಂದು ಗಂಟೆಯ ಮಿತಿಯನ್ನು ತಾವೇ ಹಾಕಿಕೊಂಡಿದ್ದರು.

ಧರ್ಮಕೇಂದ್ರಗಳ ಯುವಜನರಲ್ಲಿ ನಮ್ಮದೊಂದು ವಿನಂತಿ. ಒಂದು ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಹಿರಿಯರ ಜೊತೆ ಕುಳಿತುಕೊಳ್ಳಿ. ಅವರ ಫೋನಿನ ಅಕ್ಷರ ದೊಡ್ಡದು ಮಾಡಿಕೊಡಿ, 1930 ಸಂಖ್ಯೆಯನ್ನು ಉಳಿಸಿಕೊಡಿ, ವಾಟ್ಸಪ್ ಪಿನ್ ಹಾಕುವುದನ್ನು ತೋರಿಸಿಕೊಡಿ. ಪಿನ್ ಒತ್ತುವಾಗ ಮಾತ್ರ ಮುಖ ಆಚೆ ತಿರುಗಿಸಿ. ಅದು ಅವರದ್ದೇ ಆಗಿರಲಿ.