ಅಂಚೆ ಮಾರಿಕುಪ್ಪಂ, ಪ್ರಯೋಗಾಲಯ ನಾಗಪುರ

ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ರೈಲು ಹಳಿ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್ ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1894ರಲ್ಲಿ ಚಿನ್ನದ ಗಣಿಗಳಿಗಾಗಿಯೇ ಹಾಕಿದ ಹಳಿ ಅದು. ಈ ಕೊನೆಯ ನಿಲ್ದಾಣದ ಹೆಸರು ಭಾರತದ ವೈದ್ಯಕೀಯ ಸಂಶೋಧನೆಯ ಕಡತದಲ್ಲೂ ಸೇರಿಕೊಂಡಿದೆ. 1990ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆ ಕರ್ನಾಟಕದ ಸಂಘಗಳ ಕಾಯ್ದೆಯಡಿ ಕೆಜಿಎಫ್‌ನಲ್ಲಿ ನೋಂದಣಿಯಾಯಿತು. ನೋಂದಾಯಿತ ಕಚೇರಿ ಮಾರಿಕುಪ್ಪಂ ಅಂಚೆ, ಕೇಂದ್ರ ಪ್ರಯೋಗಾಲಯ ಮಾತ್ರ ನಾಗಪುರ. 2019ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ಆ ಸಂಸ್ಥೆಯನ್ನು ವಿಸರ್ಜಿಸಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಳಿಸಲು ಒಪ್ಪಿತು. ಆಡಳಿತದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ರೋಗಿ ಇರುವ ಊರಿಗೆ ವಿಳಾಸವನ್ನು ಕೊಟ್ಟು, ಯಂತ್ರವನ್ನೂ ತಜ್ಞರನ್ನೂ ಬೇರೆಡೆ ಇಟ್ಟರೆ ಸಂಶೋಧನೆಗೆ ಏನಾಗುತ್ತದೆ ಎಂಬುದಕ್ಕೆ ಮಾರಿಕುಪ್ಪಂಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ರೋಗ ಮನೆ ಮಾಡಿದ ಊರಲ್ಲೇ, ಆಸ್ಪತ್ರೆಗೆ ಅಂಟಿಕೊಂಡು, ವಿಶ್ವವಿದ್ಯಾಲಯವೊಂದರ ಹೊಣೆಯಲ್ಲಿ ಸಂಶೋಧನೆ ನಡೆಯಬೇಕು. ಕೆಜಿಎಫ್‌ಗೆ ಅದು ಈಗಲೂ ಬೇಕು ಎಂಬುದು ಈ ಲೇಖನದ ವಾದ.

ಕೋಲಾರದ ಚಿನ್ನ ಸ್ಫಟಿಕ ಶಿಲೆಯ ಪದರಗಳಲ್ಲಿತ್ತು. ಅದನ್ನು ಕೊರೆದು, ಸಿಡಿಸಿ, ಪುಡಿ ಮಾಡುವಾಗ ಏಳುವ ಸಿಲಿಕಾ ದೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಂದ ಅಪಾಯ ಕಡಿಮೆ. ಕಾಣದಷ್ಟು ಸಣ್ಣವು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ಸಾಯುತ್ತವೆ, ಸತ್ತಲ್ಲಿ ಗಾಯದ ಕಲೆ ಗಟ್ಟಿಯಾಗುತ್ತದೆ, ಉಸಿರು ಮೊಟಕಾಗುತ್ತಾ ಹೋಗುತ್ತದೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಗಳಿಂದ. 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ನೂರರಲ್ಲಿ ಸುಮಾರು ನಲವತ್ತನಾಲ್ಕು. ಒಂದೇ ಆಡಳಿತ, ಒಂದೇ ಬಗೆಯ ಕಲ್ಲು, ತಲೆಮಾರುಗಳಿಂದ ಅದೇ ಲೈನ್ ಮನೆಗಳಲ್ಲಿ ವಾಸವಿದ್ದ ಜನ, ಪಕ್ಕದಲ್ಲೇ ಕಂಪನಿಯ ಆಸ್ಪತ್ರೆ. ಯಾರು ಯಾವ ಗಣಿಯಲ್ಲಿ, ಎಷ್ಟು ವರ್ಷ, ಯಾವ ಕೆಲಸ ಮಾಡಿದರು ಎಂಬುದು ಹಾಜರಿ ಪುಸ್ತಕದಲ್ಲೇ ಇತ್ತು. ದೂಳಿನ ಕಾಯಿಲೆಯನ್ನು ಅಧ್ಯಯನ ಮಾಡುವವರು ಬಯಸುವುದು ಇಂಥ ಜಾಗವನ್ನೇ.

ಇದೇ ಗಣಿ ಬೇರೊಂದು ವಿಜ್ಞಾನಕ್ಕೆ ಎಷ್ಟು ಉದಾರವಾಗಿತ್ತು ಎಂಬುದನ್ನು ನೋಡಿದರೆ ದೂಳಿನ ಕಾಯಿಲೆಯ ಸಂಶೋಧನೆಗೆ ಆದ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನಿಟ್ಟು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಬಂಡೆ ಸಿಡಿತದ ಅಧ್ಯಯನಕ್ಕೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಶುರುವಾಯಿತು. ಬಹುತೇಕ ಯಾವುದಕ್ಕೂ ತಗುಲದೆ ಭೂಮಿಯನ್ನೇ ತೂರಿ ಹೋಗುವ ಕಣ ಕೆಜಿಎಫ್‌ನಲ್ಲಿ ಸಿಕ್ಕಿತು, ಬಂಡೆಯ ಬಿರುಕಿಗೂ ಶಾಸ್ತ್ರ ಸಿಕ್ಕಿತು. ಆ ಉಪಕರಣಗಳನ್ನು ಹೊತ್ತು ಕೆಳಗಿಳಿದವರ ಎದೆಗೂಡಿಗಾಗಿ ಬಂದ ಸಂಸ್ಥೆ ಮಾತ್ರ ಗಣಿ ಮುಚ್ಚಲು ಹನ್ನೊಂದು ವರ್ಷ ಉಳಿದಿದ್ದಾಗ ಬಂತು.

ವೈದ್ಯಕೀಯದಲ್ಲಿ ಇಂದು ಟ್ರಾನ್ಸ್‌ಲೇಷನಲ್ ಸಂಶೋಧನೆ ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ‘ಅನುವಾದಾತ್ಮಕ ಸಂಶೋಧನೆ’ ಎಂದು ಕನ್ನಡಿಸಿದ್ದನ್ನು ಓದಿದವರಿಗೆ ಸಾಹಿತ್ಯ ಅಕಾಡೆಮಿ ನೆನಪಾದರೆ ಅವರ ತಪ್ಪಲ್ಲ. ಪ್ರಯೋಗಾಲಯದಲ್ಲಿ ಕಂಡದ್ದು ರೋಗಿಯ ಚಿಕಿತ್ಸೆಗೆ ಒದಗಬೇಕು, ರೋಗಿಯ ಬಳಿ ಎದ್ದ ಪ್ರಶ್ನೆ ಪ್ರಯೋಗಾಲಯಕ್ಕೆ ಮರಳಬೇಕು, ಅಷ್ಟೇ ಅದರ ಅರ್ಥ. ಈ ಹೆಸರು ಬರುವ ಎಷ್ಟೋ ಮೊದಲೇ ಕರ್ನಾಟಕದಲ್ಲಿ ಈ ಕೆಲಸ ನಡೆದಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತನ್ನ ಪ್ರಶ್ನೆಗಳನ್ನು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಒಯ್ದಿತು. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು: ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿದ್ದರು, ರೋಗ ಪತ್ತೆಯಾಗದೆ ಕೆಮ್ಮಿನ ಔಷಧಿ ಹಿಡಿದು ಮರಳುತ್ತಿದ್ದರು. ಕ್ಷಯದ ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳ ಕೆಲಸವನ್ನಾಗಿಸಿದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಲ ಸಿಕ್ಕಿದ್ದು ಇಂಥ ಕೆಲಸದಿಂದ. ದೂರದ ಪ್ರಯೋಗಾಲಯದಲ್ಲಿ ಕಫದ ಮಾದರಿಯನ್ನಷ್ಟೇ ನೋಡುತ್ತ ಕುಳಿತಿದ್ದರೆ ಈ ಸತ್ಯ ಹೊಳೆಯುತ್ತಲೇ ಇರಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇಕೆ ಎಂಬ ಆಕ್ಷೇಪ ಸಹಜ. ಗಣಿ 2001ರಲ್ಲಿ ಮುಚ್ಚಿದೆ, ದೂಳು ನಿಂತಿದೆ, ಇನ್ನು ಸಂಶೋಧನೆ ಯಾರ ಮೇಲೆ? ಸಿಲಿಕೋಸಿಸ್‌ನ ಸ್ವಭಾವವೇ ಈ ಪ್ರಶ್ನೆಗೆ ಉತ್ತರ. ದೂಳಿನ ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷಗಳ ನಂತರ ಅದು ಕಾಣಿಸಿಕೊಳ್ಳಬಹುದು; ಕಾಣಿಸಿಕೊಂಡದ್ದು ದೂಳು ನಿಂತ ಮೇಲೂ ಬೆಳೆಯಬಹುದು. ಗಣಿ ಮುಚ್ಚಿದಾಗ ಇಪ್ಪತ್ತೈದರ ಹರೆಯದಲ್ಲಿದ್ದ ಕೆಲಸಗಾರ ಈಗ ಐವತ್ತರ ಆಸುಪಾಸಿನಲ್ಲಿದ್ದಾನೆ. ಸಿಲಿಕಾ ಕುಳಿತ ಶ್ವಾಸಕೋಶಕ್ಕೆ ಕ್ಷಯ ತಗಲುವ ಸಂಭವ ಹಲವು ಪಟ್ಟು ಹೆಚ್ಚು, ಕ್ಯಾನ್ಸರಿನ ಭಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1997ರಲ್ಲೇ ಸ್ಫಟಿಕ ಸಿಲಿಕಾವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ವಾಸಿಯಾಗದ ಕಾಯಿಲೆಯ ಮೇಲೆ ಹಣ ಸುರಿದು ಪ್ರಯೋಜನವೇನು ಎಂಬ ಮಾತು ಇದಕ್ಕಿಂತ ಗಟ್ಟಿ. ಶ್ವಾಸಕೋಶದ ಗಾಯದ ಕಲೆಯನ್ನು ಅಳಿಸುವ ಔಷಧಿ ಇಲ್ಲ, ನಿಜ. ಆದರೆ ಜೊತೆಗೂಡುವ ಕ್ಷಯಕ್ಕೆ ಮದ್ದಿದೆ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ದೂಳಿನ ಕೆಲಸ ಬಿಡಿಸಬಹುದು. ಪ್ರಮಾಣಪತ್ರ ಸಿಕ್ಕರೆ ಪರಿಹಾರ ಕೇಳಬಹುದು. ಎಕ್ಸ್‌ರೇಯಲ್ಲಿ ಕಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದಲೇ ರಕ್ತದಲ್ಲಿರುವ ಸಿಸಿ16 ಎಂಬ ಪ್ರೋಟೀನ್ ಅಳೆಯುವ ವಿಧಾನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ರೂಪಿಸಿದರು. ಇದು ಶ್ವಾಸನಾಳದ ಕೋಶಗಳು ಸ್ರವಿಸುವ ಪ್ರೋಟೀನ್. ಸಿಲಿಕಾ ಆ ಕೋಶಗಳನ್ನು ಕೆಡಿಸಿದಂತೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಆದರೆ ಬೀಡಿ ಸೇದುವವರಲ್ಲೂ ಅದು ಇಳಿಯುತ್ತದೆ. ಯಾರ ರಕ್ತದಲ್ಲಿ ಇಳಿದದ್ದು ದೂಳಿನಿಂದ, ಯಾರದ್ದು ಬೀಡಿಯಿಂದ ಎಂದು ವಿಂಗಡಿಸಲು ಕೆಲಸದ ಇತಿಹಾಸ ಗೊತ್ತಿರುವ ಜನಸಮುದಾಯ ಬೇಕು, ವರ್ಷ ವರ್ಷವೂ ಅವರನ್ನು ನೋಡುವ ವೈದ್ಯರು ಬೇಕು. ಎರಡು ದಿನದ ಶಿಬಿರ ನಡೆಸಿ ರಕ್ತದ ಸೀಸೆಗಳನ್ನು ಅಹಮದಾಬಾದಿಗೆ ಕಳಿಸಿದರೆ ಆಗುವ ಕೆಲಸ ಇದಲ್ಲ.

ವಿಶ್ವವಿದ್ಯಾಲಯವೇ ಏಕೆ, ಸರ್ಕಾರಿ ಆಸ್ಪತ್ರೆ ಸಾಲದೇ ಎಂದು ಕೇಳಬಹುದು. ಆಸ್ಪತ್ರೆಯ ವೈದ್ಯರಿಗೆ ಅಂದಿನ ಸರತಿ ಸಾಲು ಕರಗಿದರೆ ಸಾಕು. ಹತ್ತು ವರ್ಷ ಒಬ್ಬನನ್ನೇ ಗಮನಿಸುವ ಬಿಡುವು ಅವರಿಗಿರುವುದಿಲ್ಲ. ಕಂಪನಿಯ ಸಂಶೋಧನೆ ಕಂಪನಿಯೊಡನೆ ಮುಗಿಯುತ್ತದೆ, ಇಲಾಖೆಯ ಸಂಸ್ಥೆ ಸಂಪುಟದ ಒಂದು ನಿರ್ಣಯದಿಂದ ಕರಗುತ್ತದೆ. ವಿಶ್ವವಿದ್ಯಾಲಯದಲ್ಲಿ ಒಬ್ಬರು ನಿವೃತ್ತರಾದರೂ ಪ್ರಶ್ನೆ ಮುಂದಿನ ವಿದ್ಯಾರ್ಥಿಗೆ ದಾಟುತ್ತದೆ. ಇಂಥ ಹೊಣೆ ಹೊರಬಲ್ಲವರು ಹತ್ತಿರದಲ್ಲೇ ಇದ್ದಾರೆ: ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು, ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಈಗ ವೈದ್ಯಕೀಯಕ್ಕೂ ಕೈಹಾಕಿರುವ ಭಾರತೀಯ ವಿಜ್ಞಾನ ಸಂಸ್ಥೆ. ಬೇಕಿರುವುದು ಕೋಟಿಗಟ್ಟಲೆಯ ಕಟ್ಟಡವಲ್ಲ. ಮುಚ್ಚಿದ್ದ ಹಳೆಯ ಗಣಿ ಆಸ್ಪತ್ರೆಯನ್ನು 2021ರ ಮೇ ತಿಂಗಳಲ್ಲಿ, ಕೋವಿಡ್ ಏರಿದಾಗ, ಸ್ವಯಂಸೇವಕರೇ ಗುಡಿಸಿ ತೊಳೆದು ಬಳಕೆಗೆ ತಂದದ್ದನ್ನು ಊರು ಕಂಡಿದೆ.

ರೋಗಿಗಳು ಪ್ರಯೋಗದ ಇಲಿಗಳಾಗುತ್ತಾರೆ ಎಂಬ ಅಳುಕನ್ನು ತಳ್ಳಿಹಾಕುವಂತಿಲ್ಲ. ಗಣಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳವರು. ಅವರ ದೇಹದಿಂದ ಒಮ್ಮೆ ಚಿನ್ನ ತೆಗೆದಾಗಿದೆ, ಇನ್ನು ಪ್ರಬಂಧಗಳನ್ನು ತೆಗೆಯುವುದಷ್ಟೇ ಉದ್ದೇಶವಾದರೆ ಬೇಡವೇ ಬೇಡ. ಪರೀಕ್ಷೆಯ ಫಲಿತಾಂಶ ತಮಿಳಿನಲ್ಲೋ ಕನ್ನಡದಲ್ಲೋ ಅವರ ಕೈಸೇರಬೇಕು, ಪರಿಹಾರದ ಅರ್ಜಿಗೆ ಅದೇ ದಾಖಲೆಯಾಗಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರು 2018ರಲ್ಲಿ ಕಂಪನಿಗಳಿಂದ ಸುಮಾರು 500 ಕೋಟಿ ರ‍್ಯಾಂಡ್ ಪರಿಹಾರದ ಒಪ್ಪಂದ ಪಡೆದರು. ಅಲ್ಲಿ ದಶಕಗಳಿಂದ ಶ್ವಾಸಕೋಶಗಳ ವೈದ್ಯಕೀಯ ದಾಖಲೆ ಬೆಳೆದು ಬಂದಿರುವುದು ಅಂಥ ಹಕ್ಕೊತ್ತಾಯಕ್ಕೆ ಬೆನ್ನೆಲುಬು.

ಇಷ್ಟಕ್ಕೂ ಕೆಜಿಎಫ್‌ನ ದೂಳು ಪೂರ್ತಿ ನಿಂತಿಲ್ಲ. ಚಿನ್ನ ತೆಗೆದು ಉಳಿದ ನುಣುಪು ಪುಡಿ ಸೈನೈಡ್ ದಿಬ್ಬಗಳಾಗಿ ಊರ ನಡುವೆಯೇ ನಿಂತಿದೆ, ಗಾಳಿಗೆ ಮನೆಗಳ ಮೇಲೆ ಹಾರುತ್ತದೆ. 1,003 ಎಕರೆಯಲ್ಲಿ ಹರಡಿರುವ ಇಂಥ 13 ದಿಬ್ಬಗಳಿಂದ, ಸುಮಾರು 3.3 ಕೋಟಿ ಟನ್ ಪುಡಿಯಿಂದ, ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ದಿಬ್ಬ ಅಗೆಯುವ ಯಂತ್ರ ಬಂದ ಮೇಲೆ ಯಾರದಾದರೂ ಉಸಿರು ಕೆಟ್ಟರೆ, ಅದು ಹೊಸ ದೂಳಿನಿಂದಲೋ ಹಳೆಯದರಿಂದಲೋ ಎಂಬ ಜಗಳ ಏಳುತ್ತದೆ. ಅದನ್ನು ಬಗೆಹರಿಸಬಲ್ಲದ್ದು, ಮೊದಲ ಲಾರಿ ತುಂಬುವ ಮುಂಚೆ ಚಾಂಪಿಯನ್ ರೀಫ್‌ನಿಂದ ಮಾರಿಕುಪ್ಪಂವರೆಗೆ ದಿಬ್ಬಗಳ ಸುತ್ತ ವಾಸಿಸುವವರ ಎದೆಯ ಎಕ್ಸ್‌ರೇ ತೆಗೆದು ದಿನಾಂಕ ಬರೆದಿಟ್ಟ ಕಡತ ಮಾತ್ರ.